ಬಿರುಬಿಸಿಲಿನಲ್ಲಿ ಪುಟ್ಟಿ ತರಿಸಿದ ಮಳೆ

"ಇದೇನಮ್ಮ, ಬಸ್ ಟೈಮಾ?"

ಫ್ರಿಜ್ಜಿನ ಬಾಗಿಲಿಗೆ ನಾನು ಅಂಟಿಸಿದ್ದ ಹಾಳೆಯನ್ನು ಓದಿ ನಮ್ಮ ಅತ್ತೆ ಕೇಳಿದ ಪ್ರಶ್ನೆ ಇದು. ಟೈಪ್ ಮಾಡಿದ ಹಾಳೆ. ಎಡಕ್ಕೆ ಸಮಯ, ಬಲಕ್ಕೆ ಆಟ. ಹತ್ತು ಗಂಟೆಗೆ ಲೋಟ ಮತ್ತು ನೀರು. ಹತ್ತು ಹನ್ನೊಂದಕ್ಕೆ ಬಟ್ಟೆ ಕ್ಲಿಪ್ಪು. ಹತ್ತು ಹದಿನೆಂಟಕ್ಕೆ ಈರುಳ್ಳಿ ಬುಟ್ಟಿ. ಹತ್ತು ಮೂವತ್ತೆರಡಕ್ಕೆ ಕಾಲುಚೀಲದ ಜೋಡಿ ಹುಡುಕುವುದು. ಹೀಗೆ ಹನ್ನೊಂದೂವರೆಯವರೆಗೆ.

"ಅಲ್ಲ, ಹತ್ತು ಹನ್ನೊಂದಕ್ಕೆ ಅವ್ಳು ಲೋಟ ಬಿಡ್ಲಿಲ್ಲ ಅಂದ್ರೆ?"

"ಬಿಡ್ತಾಳೆ ಅತ್ತೆ. ಟೈಮ್ ನೋಡಿ ಬರ್ದಿದ್ದೀನಿ."

ಅತ್ತೆ ಒಮ್ಮೆ ಹಾಳೆಯನ್ನು ನೋಡಿದರು, ಒಮ್ಮೆ ನನ್ನನ್ನು. ಆಮೇಲೆ, "ಆಯ್ತು ಬಿಡು. ನೀನು ನಿನ್ ಪರೀಕ್ಷೆ ನೋಡ್ಕೋ. ಇವ್ಳನ್ನ ನಾನು ನೋಡ್ಕೋತೀನಿ" ಎಂದರು. ಆ ಸ್ವರದಲ್ಲಿ ಒಪ್ಪಿಗೆ ಇತ್ತೇ ಹೊರತು ಹಾಳೆಯ ಬಗ್ಗೆ ಗೌರವ ಇರಲಿಲ್ಲ. ಅದು ಆಗಲೇ ನನಗೆ ಹೊಳೆಯಬೇಕಿತ್ತು.

"ಇವಳು" ಎಂದರೆ ನನ್ನ ಮಗಳು. ಎರಡು ವರ್ಷ ಮೂರು ತಿಂಗಳು. ಇಲ್ಲಿ ಪುಟ್ಟಿ ಎಂದು ಕರೆಯೋಣ. (ನಿಜವಾದ ಹೆಸರು ಬರೆಯುವುದಿಲ್ಲ. ನಾಳೆ ಅವಳು ಇದನ್ನು ಓದಿ ಸಿಟ್ಟಾಗಬಹುದು. ಸಾಕ್ಷ್ಯವನ್ನು ನಾನೇ ಯಾಕೆ ಒದಗಿಸಲಿ?)

ಮನೆಯ ವಿಷಯವನ್ನು ಈ ಅಂಕಣದಲ್ಲಿ ನಾನು ಬರೆಯುವುದು ಕಡಿಮೆ, ನಿಮಗೆ ಗೊತ್ತು. ಈ ವಾರ ಬೇರೆ ದಾರಿಯಿಲ್ಲ. ನಾನು ಬರೆಯದಿದ್ದರೆ ನಮ್ಮ ಕಾಫಿ ಕಣದಲ್ಲಿ ಕೆಲಸ ಮಾಡುವ ಸರಸು ಹೇಳುತ್ತಾಳೆ. ಈಗಾಗಲೇ ತೋಟದ ಕೆಲಸದವರ ಲೈನ್ ಮನೆಗಳಲ್ಲಿ ಅರ್ಧಕ್ಕೆ ಹೇಳಿಯಾಗಿದೆ. ಅವಳ ಕಥೆಯಲ್ಲಿ ನಾನು ಸೀರೆ ಎಡವಿ ಬೀಳುತ್ತೇನೆ. ನಾನು ಬಿದ್ದಿಲ್ಲ. ಹಾಗಾಗಿ ಈ ಸ್ಪಷ್ಟೀಕರಣ.

ಅತ್ತೆ "ಪರೀಕ್ಷೆ" ಎಂದದ್ದು ನನ್ನ ಪಿಎಚ್‌ಡಿಯ ಅಂತಿಮ ವೈವಾವನ್ನು. ಆರು ವರ್ಷದ ಕೆಲಸ. ಕೊಡಗಿನ ತೋಟಗಳಲ್ಲಿ ಮಳೆ ಪುಸ್ತಕ ಅಂತ ಒಂದಿರುತ್ತದೆ. ಅಂಗಳದಲ್ಲಿ ಮಳೆ ಮಾಪಕ. ಬೆಳಿಗ್ಗೆ ಎಂಟು ಗಂಟೆಗೆ ಮನೆಯ ಯಾರಾದರೊಬ್ಬರು ಹೋಗಿ ನೀರು ಅಳೆದು, ಇಂಚು ಮತ್ತು ಸೆಂಟಿನಲ್ಲಿ ಬರೆದಿಡುತ್ತಾರೆ. ಒಂದು ಇಂಚಿಗೆ ನೂರು ಸೆಂಟ್. ಮಳೆಯಿಲ್ಲದಿದ್ದರೆ "ನಿಲ್". ಅಜ್ಜ ಬರೆದದ್ದರ ಕೆಳಗೆ ಅಪ್ಪ, ಅಪ್ಪ ಬರೆದದ್ದರ ಕೆಳಗೆ ಸೊಸೆ. ನಮ್ಮ ಮನೆಯಲ್ಲಿ ಆ ಪುಸ್ತಕ ಅತ್ತೆಯದು. ಬೇರೆಯವರು ಅದರಲ್ಲಿ ಪೆನ್ನು ಇಡುವಂತಿಲ್ಲ.

ಪಾಲಿಬೆಟ್ಟದಿಂದ ಸೋಮವಾರಪೇಟೆಯವರೆಗೆ ಮನೆಮನೆ ಅಲೆದು, ಅಟ್ಟದ ಮೇಲಿನ ಇಂಥ ಪುಸ್ತಕಗಳನ್ನು ಇಳಿಸಿ, ಗೆದ್ದಲು ಕೊಡವಿ, ಕಾಫಿ ಗಿಡದಲ್ಲಿ ಹೂ ಅರಳಿಸುವ ಹೂಮಳೆ ವರ್ಷ ವರ್ಷ ಹೇಗೆ ಸರಿದಾಡಿದೆ ಎಂದು ನೋಡಿದ್ದು ನನ್ನ ಪ್ರಬಂಧ. ನಡುವೆ ಮದುವೆಯಾಯಿತು. ಪುಟ್ಟಿ ಬಂದಳು. ನನ್ನ ನೋಂದಣಿಗೆ ಎರಡು ಸಲ ಸಮಯ ವಿಸ್ತರಣೆ ಸಿಕ್ಕಿತ್ತು. ಮೂರನೆಯದು ಸಿಗುವುದಿಲ್ಲ ಎಂದು ಗೈಡ್ ಮೇಡಂ ಮೊದಲೇ ಹೇಳಿದ್ದರು. ಅಂದರೆ ವೈವಾದಲ್ಲಿ ಪರೀಕ್ಷಕರು "ಇದು ಸಾಲದು, ಮತ್ತೆ ಬರೆದು ತನ್ನಿ" ಎಂದರೆ ಆರು ವರ್ಷ ವಾಪಸು ಅಟ್ಟಕ್ಕೆ.

ಹೊರಗಿನ ಪರೀಕ್ಷಕರಿಗೆ ಪ್ರಯಾಣ ಆಗದ ಕಾರಣ ವೈವಾ ಆನ್‌ಲೈನ್. ಮನೆಯಿಂದಲೇ. ಕಾಫಿ ಹಣ್ಣಿನ ಪಿಕ್ಕಿಂಗ್ ಜೋರಾಗಿದ್ದ ದಿನಗಳು, ಗಂಡ ಬೆಳಿಗ್ಗೆಯೇ ಕೆಳಗಿನ ತೋಟಕ್ಕೆ ಹೋಗಿಬಿಡುತ್ತಾರೆ. ಬೇಕಾದದ್ದು ತೊಂಬತ್ತು ನಿಮಿಷ. ಪುಟ್ಟಿ ತೊಂಬತ್ತು ನಿಮಿಷ ಖುಷಿಯಾಗಿ, ನನ್ನ ಬಾಗಿಲು ಬಡಿಯದೆ, ಆಡಿಕೊಂಡಿರಬೇಕು.

ಎರಡು ವಾರ ಮುಂಚೆ ತಯಾರಿ ಶುರು ಮಾಡಿದೆ. ವೈವಾಕ್ಕಲ್ಲ, ಪುಟ್ಟಿಗೆ.

"ಮೊಬೈಲ್ ಕೊಟ್ರಾಯ್ತಲ್ಲ" ಎಂದರು ಗಂಡ. ಕೊಟ್ಟರೆ ಆಗುತ್ತದೆ. ಕಿತ್ತುಕೊಳ್ಳುವಾಗ ಏನಾಗುತ್ತದೆ ಎಂದು ನೋಡಲು ಅವರು ಮನೆಯಲ್ಲಿರುವುದಿಲ್ಲ.

ವಿರಾಜಪೇಟೆಯಲ್ಲಿರುವ ಚಿಕ್ಕಮ್ಮನ ಮಗಳು ಒಂದು ಫೋಟೋ ಕಳಿಸಿದಳು. ತಟ್ಟೆ ತುಂಬ ಏಳು ಬಣ್ಣದ ಅಕ್ಕಿ, ಎರಡು ಚಮಚ, ಮರದ ಒಂದು ಆನೆ. "ಸೆನ್ಸರಿ ಟ್ರೇ ಅಕ್ಕ. ನನ್ ಮಗ ಒಂದ್ ಗಂಟೆ ಕೂತಲ್ಲಿಂದ ಅಲ್ಲಾಡಲ್ಲ." ನಾನೂ ಅಕ್ಕಿಗೆ ಬಣ್ಣ ಹಾಕಿ ಒಣಗಿಸಿದೆ. ಅತ್ತೆ ಬಂದು ನೋಡಿದರು.

"ತಿನ್ನೋ ಅಕ್ಕಿಗೆ ಬಣ್ಣ ಹಾಕಿದ್ಯಾ?"

"ಆಟಕ್ಕೆ ಅತ್ತೆ. ಬೆರಳಿಗೆ ಒಳ್ಳೇದಂತೆ."

"ಯಾರ್ ಬೆರಳಿಗೆ?"

ಪುಟ್ಟಿ ತಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹೋಗಿ ಕೋಳಿಗಳ ಮುಂದೆ ಸುರಿದಳು. ಮೂರು ನಿಮಿಷ. ಕೋಳಿಗಳು ನೀಲಿ ಅಕ್ಕಿಯನ್ನು ಒಂದು ಕಣ್ಣಿನಿಂದ ನೋಡಿ, ಇನ್ನೊಂದು ಕಣ್ಣಿನಿಂದ ನೋಡಿ, ಅತ್ತೆಯ ಕಡೆ ನಡೆದವು. ಆ ದಿನ ಮನೆಯಲ್ಲಿ ನಾನೊಬ್ಬಳೇ ವಿರೋಧ ಪಕ್ಷ.

ಆಮೇಲೆ ಮನೆಯಲ್ಲಿರುವ ವಸ್ತುಗಳಿಗೇ ಇಳಿದೆ. ನೋಟ್‌ಬುಕ್ ಇಟ್ಟುಕೊಂಡೆ, ಕೈಗಡಿಯಾರ ನೋಡಿ ಬರೆದುಕೊಂಡೆ. ಸ್ಟೀಲ್ ಲೋಟದಿಂದ ಲೋಟಕ್ಕೆ ನೀರು ಸುರಿಯುವುದು, ಹನ್ನೊಂದು ನಿಮಿಷ (ಒದ್ದೆ ಬಟ್ಟೆ ಬದಲಿಸಿದ್ದು ಸೇರಿಲ್ಲ). ಬಕೆಟ್ಟಿನ ಅಂಚಿಗೆ ಬಟ್ಟೆ ಕ್ಲಿಪ್ಪು ಸಿಕ್ಕಿಸುವುದು, ಏಳು. ಈರುಳ್ಳಿ ಬುಟ್ಟಿ ಖಾಲಿ ಮಾಡಿ ಮತ್ತೆ ತುಂಬುವುದು, ಹದಿನಾಲ್ಕು, ಚಿನ್ನದಂಥ ಆಟ. ಮೇಜಿನ ಮೇಲೆ ಹೊದಿಕೆ ಇಳಿಬಿಟ್ಟು ಕೆಳಗೆ "ಮನೆ" ಮಾಡುವುದು, ಇಪ್ಪತ್ತು, ಆದರೆ ಆ ಮನೆಯೊಳಗೆ ನಾನೂ ಇರಬೇಕು. ಹಳೆಯ ಪೇಪರ್ ಹರಿಯುವುದು, ಒಂಬತ್ತು. (ಹತ್ತನೆಯ ನಿಮಿಷಕ್ಕೆ ಅವಳು ನನ್ನ ನಾಲ್ಕನೇ ಅಧ್ಯಾಯದ ಪ್ರಿಂಟ್ ತಲುಪಿದ್ದಳು.)

ಅಳುವನ್ನು ಇಂಚು ಮತ್ತು ಸೆಂಟಿನಲ್ಲಿ ಬರೆದುಕೊಂಡೆ. ಅಭ್ಯಾಸಬಲ. ಮಂಗಳವಾರ ಎಂಬತ್ತು ಸೆಂಟ್. ಗುರುವಾರ, ಕ್ಲಿಪ್ಪು ಬೆರಳಿಗೆ ಕಚ್ಚಿದ ದಿನ, ಎರಡೂವರೆ ಇಂಚು, ಗುಡುಗು ಸಮೇತ.

ಎರಡು ವಾರದ ಕೊನೆಗೆ ಒಂದು ಸಂಗತಿ ಗಮನಕ್ಕೆ ಬಂತು. ಆಟ ಎಷ್ಟು ಹೊತ್ತು ನಡೆಯುತ್ತದೆ ಎನ್ನುವುದು ಆಟಿಕೆಯ ಕೈಯಲ್ಲಿಲ್ಲ. ಪಕ್ಕದಲ್ಲೇ ಕೂತು ನಾನು ಬೀನ್ಸ್ ಬಿಡಿಸುತ್ತಿದ್ದರೆ ಈರುಳ್ಳಿ ಬುಟ್ಟಿ ಹದಿನಾಲ್ಕು ನಿಮಿಷ ಬಾಳುತ್ತದೆ. ಮೆಲ್ಲಗೆ ಎದ್ದು ಹೋಗೋಣ ಎಂಬ ಯೋಚನೆ ಬಂದರೆ, ಬರೀ ಯೋಚನೆ, ನಾಲ್ಕು ನಿಮಿಷ. ಅದು ಅವಳಿಗೆ ಹೇಗೆ ಗೊತ್ತಾಗುತ್ತದೆ? ಹಾಳೆಯಲ್ಲಿ ನಾನು ಹದಿನಾಲ್ಕು ಎಂದೇ ಬರೆದೆ. ಸಂಶೋಧಕರು ಹೀಗೆ ಮಾಡಬಾರದು.

ಈ ಪ್ರಯೋಗಗಳ ನಡುವೆ, ವೈವಾಕ್ಕೆ ಹತ್ತು ದಿನ ಇರುವಾಗ, ಒಂದು ಮಧ್ಯಾಹ್ನ ಹೇಳದೆ ಕೇಳದೆ ನಾಲ್ಕು ಹನಿ ಬಿತ್ತು.

ಕಣದ ತುಂಬ ಕಾಫಿ. ಹಣ್ಣು ಒಣಗಿ ಕಪ್ಪಾಗುತ್ತಿದ್ದ ಹೊತ್ತು. ಈಗ ನೆಂದರೆ ಬೂಷ್ಟು, ವಾಸನೆ, ವರ್ಷದ ಫಸಲು ಹಾಳು. "ಮಳೆ!" ಎಂದು ಯಾರು ಕೂಗಿದರೋ ಗೊತ್ತಿಲ್ಲ. ಮೂರು ತಿಂಗಳಿಂದ ಮಂಡಿ ನೋವೆಂದು ಕಣದ ಮೆಟ್ಟಿಲು ಇಳಿಯದ ಅತ್ತೆ ಮೆಟ್ಟಿಲು ಹಾರಿದರು. ಗಂಡ ಅನ್ನ ಮೆತ್ತಿದ ಕೈಯಲ್ಲೇ ಬಂದರು. ಸರಸು ಟಾರ್ಪಾಲಿನ ಜೊತೆ ತಾನೂ ಅರ್ಧ ಗಾಳಿಗೆ ಎದ್ದಳು. ಅರ್ಧ ತಲೆಗೆ ಎಣ್ಣೆ ಹಚ್ಚಿಕೊಂಡ ನಾನು ಒಂದು ಮೂಲೆ ಹಿಡಿದೆ. ಆರು ನಿಮಿಷದಲ್ಲಿ ಮಳೆ ನಿಂತಿತು. ಎರಡು ಸೆಂಟ್.

ಇಷ್ಟನ್ನೂ ಮೆಟ್ಟಿಲ ಮೇಲೆ ಕೂತು, ಬಾಯಿ ತೆರೆದು ನೋಡಿದವಳು ಪುಟ್ಟಿ. ಅವಳ ಎರಡು ವರ್ಷ ಮೂರು ತಿಂಗಳ ಬದುಕಿನಲ್ಲಿ ಅಷ್ಟು ಚೆಂದದ್ದು ಏನೂ ನಡೆದಿರಲಿಲ್ಲ.

ಮರುದಿನ ಊಟದ ಹೊತ್ತಿಗೆ ಅದೇ ಮೆಟ್ಟಿಲ ಮೇಲೆ ನಿಂತು ಎರಡೂ ಕೈ ಎತ್ತಿದಳು. "ಮಯೆ ಬಂತ್!"

ಸರಸು ತಟ್ಟೆ ಬಿಟ್ಟು ಎದ್ದಳು. ಅತ್ತೆ ಒಲೆ ಬಿಟ್ಟು ಬಂದರು. ನೆತ್ತಿ ಸುಡುವ ಬಿಸಿಲು. ಪುಟ್ಟಿ ಚಪ್ಪಾಳೆ ತಟ್ಟಿದಳು.

ಅಂದಿನಿಂದ ದಿನಕ್ಕೆ ಎರಡು ಸಲ, ಕೆಲವೊಮ್ಮೆ ಮೂರು. ನಾವು ಪ್ರತಿ ಸಲವೂ ಎದ್ದೆವು. ನಗುತ್ತೀರಾ? ನಗಿ. ವರ್ಷದ ಫಸಲನ್ನು ಅಂಗಳದಲ್ಲಿ ಹರಡಿಕೊಂಡವರ ಕಾಲಿಗೇ ಕಿವಿ ಇರುತ್ತದೆ. ಅದು ತಲೆಯ ಅನುಮತಿ ಕೇಳುವುದಿಲ್ಲ. "ಇನ್ಮೇಲೆ ಅವ್ಳು ಕೂಗಿದ್ರೆ ಯಾರೂ ಏಳ್ಬಾರ್ದು" ಎಂದು ಗಂಡ ಆಜ್ಞೆ ಹೊರಡಿಸಿದರು. ಅದೇ ಸಂಜೆ ಅರ್ಧ ಗಡ್ಡದಲ್ಲಿ ಸೋಪಿನ ನೊರೆ ಇಟ್ಟುಕೊಂಡು ಬಚ್ಚಲಿನಿಂದ ಮೊದಲು ಹೊರಗೆ ಬಂದವರು ಅವರೇ.

ನನ್ನ ನೋಟ್‌ಬುಕ್ಕಿನಲ್ಲಿ ಇದನ್ನು ಆಟ ಎಂದು ಬರೆದುಕೊಳ್ಳಲಿಲ್ಲ. "ನಿಲ್ಲಿಸಬೇಕಾದ ಅಭ್ಯಾಸಗಳು" ಎಂಬ ಶೀರ್ಷಿಕೆಯ ಕೆಳಗೆ ಬರೆದುಕೊಂಡೆ.

ವೈವಾ ದಿನ. ಹತ್ತಕ್ಕೆ ಐದು ನಿಮಿಷ. ಇಸ್ತ್ರಿ ಮಾಡಿದ ಕಾಟನ್ ಸೀರೆ, ತಲೆಗೆ ಹೆಡ್‌ಫೋನು, ಮೇಜಿನ ಮೇಲೆ ನೀರು. ಬಾಗಿಲು ಹಾಕಿ, ಕಣದ ಕಡೆಯ ಕಿಟಕಿಯನ್ನೂ ಮುಚ್ಚಿದೆ. ಅದರ ಚಿಲಕ ಸರಿಯಿಲ್ಲ, ಒಂದು ಬೆರಳಷ್ಟು ತೆರೆದೇ ಇರುತ್ತದೆ.

ಪರದೆಯಲ್ಲಿ ನಾಲ್ಕು ಮುಖ. ಗೈಡ್ ಮೇಡಂ, ವಿಭಾಗದ ಇಬ್ಬರು, ಮತ್ತು ಹೊರಗಿನ ಪರೀಕ್ಷಕರು. ವಯಸ್ಸಾದವರು. ತಮ್ಮ ವಿಷಯದಲ್ಲಿ ದೊಡ್ಡ ಹೆಸರು. ನಗುವುದಿಲ್ಲ. ಮಾತೆಲ್ಲ ಇಂಗ್ಲಿಷಿನಲ್ಲಿ, ಅದೂ ಒಂದೊಂದು ಶಬ್ದವನ್ನು ತೂಗಿ. (ಇಲ್ಲಿ ಕನ್ನಡದಲ್ಲಿ ಕೊಡುತ್ತಿದ್ದೇನೆ. ತೂಕ ನೀವೇ ಸೇರಿಸಿಕೊಳ್ಳಿ.)

ಮೊದಲ ಅರ್ಧ ಗಂಟೆ ನಕ್ಷೆ, ಕೋಷ್ಟಕಗಳಲ್ಲೇ ಕಳೆಯಿತು. ಚೆನ್ನಾಗಿಯೇ ಕಳೆಯಿತು. ಬಾಗಿಲು ಬಡಿಯಲಿಲ್ಲ. ಅಳು ಕೇಳಲಿಲ್ಲ. ಪರದೆಯ ಮೂಲೆಯ ಗಡಿಯಾರದಲ್ಲಿ ಹತ್ತು ಮೂವತ್ತೆರಡು. ಈಗ ಕಾಲುಚೀಲಕ್ಕೆ ಬಂದಿರಬೇಕು ಎಂದುಕೊಂಡೆ. ಹಾಳೆ ಕೆಲಸ ಮಾಡುತ್ತಿದೆ. ಒಳಗೊಳಗೇ ಸಣ್ಣ ಜಂಬ.

"ನಿಮ್ಮ ಲೆಕ್ಕಾಚಾರದ ಪ್ರಕಾರ ಈ ವಾರ ನಿಮ್ಮೂರಲ್ಲಿ ಮಳೆ ಬರಬಹುದೆ?" ಎಂದು ಹೊರಗಿನ ಪರೀಕ್ಷಕರು ಕೇಳಿದರು.

"ಇಲ್ಲ ಸರ್. ಸಾಧ್ಯತೆ ತೀರಾ ಕಡಿಮೆ."

"ಖಚಿತವೆ?"

"ಖಚಿತ ಸರ್."

ಅವರು ತಲೆಯಾಡಿಸಿದರು. ಪೆನ್ನು ಕೆಳಗಿಟ್ಟರು. ಆಮೇಲೆ, ಇಷ್ಟು ಹೊತ್ತು ಕಾದಿಟ್ಟುಕೊಂಡಿದ್ದ ಪ್ರಶ್ನೆ ಬಂತು.

"ನಿಮ್ಮ ಪ್ರಬಂಧ ಪೂರ್ತಿ ನಿಂತಿರುವುದು ತೋಟದ ಮನೆಯವರು ಕೈಯಲ್ಲಿ ಬರೆದ ಪುಸ್ತಕಗಳ ಮೇಲೆ. ಅವರು ವಿಜ್ಞಾನಿಗಳಲ್ಲ. ಒಂದು ದಿನ ಸೋಮಾರಿತನ, ಒಂದು ದಿನ ಮದುವೆ ಮನೆ. ಅಂದಾಜಿಗೆ ಏನೋ ಬರೆದಿರಬಹುದು. ಮಳೆಯನ್ನು ಅವರು ಅಷ್ಟು ಗಂಭೀರವಾಗಿ ತೆಗೆದುಕೊಂಡಿದ್ದರು ಎನ್ನುವುದಕ್ಕೆ ಏನು ಆಧಾರ? ಆಧಾರವಿಲ್ಲದಿದ್ದರೆ ನನ್ನ ಪಾಲಿಗೆ ಈ ಪ್ರಬಂಧವೇ ಇಲ್ಲ."

ಮೇಡಂ ಮುಖ ಬಿಳುಚಿತು. "ಮತ್ತೆ ಬರೆದು ತನ್ನಿ" ಎಂಬ ಮಾತಿಗೆ ಇನ್ನು ಎರಡೇ ಮೆಟ್ಟಿಲು. ಮೂರನೇ ಅಧ್ಯಾಯದಲ್ಲಿ ಇದಕ್ಕೆ ಉತ್ತರ ಬರೆದಿದ್ದೇನೆ. ಪುಟ ಎಷ್ಟು? ಯೋಚಿಸುತ್ತಾ, ಸುಡುತ್ತಿದ್ದ ಎಡಗಿವಿಯ ಮೇಲಿಂದ ಹೆಡ್‌ಫೋನನ್ನು ಸ್ವಲ್ಪ ಸರಿಸಿದೆ.

"ಸರ್, ಮೂರನೇ ಅಧ್ಯಾಯದಲ್ಲಿ ನಾನು..."

"ಮಯೆ ಬಂತ್! ಮಯೆ ಬಂತ್!"

ಅದರ ಬೆನ್ನಿಗೇ ಅತ್ತೆಯ ದನಿ. "ಅಯ್ಯಯ್ಯೋ, ಬಂದೇಬಿಡ್ತು! ಸರಸೂ, ಹಿಡಿ, ಹಿಡಿಯೇ!"

ಮುಂದಿನ ಕೆಲವು ಕ್ಷಣಗಳ ಬಗ್ಗೆ ನನ್ನ ತಲೆಯಲ್ಲಿ ಯಾವ ದಾಖಲೆಯೂ ಇಲ್ಲ. ಕಾಲಿನಲ್ಲಿದೆ. ಹೆಡ್‌ಫೋನಿನ ವಯರು ಕಿತ್ತು ಬಂದದ್ದು, ಕುರ್ಚಿ ಹಿಂದಕ್ಕೆ ಬಿದ್ದದ್ದು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡದ್ದು, ಬರಿಗಾಲಿನಲ್ಲಿ ಕಣ ದಾಟಿದ್ದು. ಗಾಳಿಗೆ ಏಳುತ್ತಿದ್ದ ಟಾರ್ಪಾಲಿನ ಒಂದು ಮೂಲೆ ಹಿಡಿದು, ಎಳೆದು, ಅದರ ಮೇಲೆ ಕಾಲಿಟ್ಟು ನಿಂತೆ. (ಎಡವಲಿಲ್ಲ. ಸರಸುಗೆ ಇದು ತಿಳಿದಿರಲಿ.)

ಆಮೇಲೆ ತಲೆ ಎತ್ತಿ ನೋಡಿದೆ.

ಆಕಾಶ ತೊಳೆದಿಟ್ಟ ಪಿಂಗಾಣಿ ತಟ್ಟೆಯ ಹಾಗಿತ್ತು. ಒಂದೇ ಒಂದು ಮೋಡವಿಲ್ಲ.

ಎದುರಿನ ಮೂಲೆಯಲ್ಲಿ ಅತ್ತೆ. ಆಚೆ ಮೂಲೆಯಲ್ಲಿ ಸರಸು. ಮೂರನೇ ಮೂಲೆಯನ್ನು ಎರಡೂ ಮುಷ್ಟಿಯಲ್ಲಿ ಹಿಡಿದು, ಹಲ್ಲು ಕಚ್ಚಿ ಎಳೆಯುತ್ತಿರುವವಳು ಪುಟ್ಟಿ. ಟಾರ್ಪಾಲು ಹಳೆಯದು, ಹರಿದದ್ದು. ಅದರ ಕೆಳಗಿದ್ದದ್ದು ಬೇರೆಯಾಗಿ ತೆಗೆದಿಟ್ಟ, ನೀರಿನಲ್ಲಿ ತೇಲುವ ಜೊಳ್ಳು ಕಾಫಿಯ ಒಂದು ಪುಟ್ಟ ಗುಡ್ಡೆ. ಉಳಿದ ಕಾಫಿ ಬಿಸಿಲಿನಲ್ಲಿ ಹಾಯಾಗಿ ಒಣಗುತ್ತಿತ್ತು.

"ನೀನ್ಯಾಕ್ ಬಂದೆ?" ಎಂದರು ಅತ್ತೆ. "ಪರೀಕ್ಷೆ ಮುಗೀತಾ?"

"ಮಳೆ ಅಂದ್ರಲ್ಲ..."

"ಎಲ್ಲಿದೆ ಮಳೆ?"

ಸರಸು ಟಾರ್ಪಾಲು ಬಿಟ್ಟು ಕೂತೇಬಿಟ್ಟಳು, ನಗು ತಡೆಯಲಾಗದೆ. "ಅಕ್ಕ, ನೀವ್ ಓದಿರೋದೇ ಮಳೆ ಬಗ್ಗೆ ಅಂತಾರೆ..."

"ಹಾಳೆ ಏನಾಯ್ತು ಅತ್ತೆ? ಲೋಟ, ಕ್ಲಿಪ್ಪು?"

"ಲೋಟ ನಾಕ್ ನಿಮಿಷಕ್ಕೆ ಎಸೆದ್ಲು. ಕ್ಲಿಪ್ಪು ಕೋಳಿ ಬಾಲಕ್ಕೆ ಹಾಕೋಕೆ ಹೋದ್ಲು. ನಿನ್ ಬಾಗ್ಲು ಕಡೆ ಹೊರಟ್ಳು, ಏನ್ ಮಾಡ್ಲಿ? ಮಳೆ ತರ್ಸಿದೆ. ಇದು ಎಂಟ್ನೇ ಸಲ. ಹೋಗು ಹೋಗು, ಅವ್ರು ಕಾಯ್ತಿರ್ತಾರೆ!"

ಪುಟ್ಟಿ ನನ್ನ ಕಡೆ ನೋಡಲೇ ಇಲ್ಲ. ಎರಡೂ ಕೈ ಎತ್ತಿ, "ಬಿಚಿಲ್ ಬಂತ್!" ಎಂದಳು. ಅಷ್ಟಕ್ಕೇ ಇಬ್ಬರು ದೊಡ್ಡವರು ಟಾರ್ಪಾಲು ಸುತ್ತತೊಡಗಿದರು. ಗಮನಿಸಿ, ಎಂಟು ಸಲ. ನನ್ನ ಹಾಳೆಯ ಒಂಬತ್ತು ಆಟಗಳಲ್ಲಿ ಮಗು ಆಡಬೇಕಿತ್ತು, ದೊಡ್ಡವರು ತಪ್ಪಿಸಿಕೊಂಡು ಹೋಗಬೇಕಿತ್ತು. ಇಲ್ಲಿ ಮಗು ಒಂದು ಮಾತು ಹೇಳುತ್ತದೆ, ದೊಡ್ಡವರು ಓಡುತ್ತಾರೆ. ನಿಮಗೇ ಅಂಥ ಆಟ ಸಿಕ್ಕಿದ್ದರೆ ಬಿಡುತ್ತಿದ್ದಿರಾ?

ಇದನ್ನೆಲ್ಲ ಆಗ ಯೋಚಿಸಲಿಲ್ಲ. ಆಗ ಯೋಚಿಸಿದ್ದು ಒಂದೇ. ಮುಗಿಯಿತು.

ಒಳಗೆ ಬಂದೆ. ಕುರ್ಚಿ ಎತ್ತಿ ನಿಲ್ಲಿಸಿದೆ. ನಾಲ್ಕೂ ಮುಖ ಹಾಗೇ ಇದ್ದವು. ಮೇಡಂ ಹಣೆಗೆ ಕೈ ಹಚ್ಚಿಕೊಂಡಿದ್ದರು. ಹೆಡ್‌ಫೋನು ಕಿತ್ತುಹೋದದ್ದರಿಂದ ಲ್ಯಾಪ್‌ಟಾಪಿನ ಮೈಕು ತಾನೇ ಶುರುವಾಗಿತ್ತು. ಅಂದರೆ ಹಿಡಿ ಹಿಡಿಯೇ ಎಂಬಲ್ಲಿಂದ ಬಿಚಿಲ್ ಬಂತ್ ಎಂಬಲ್ಲಿಯವರೆಗಿನ ಕೂಗಾಟವನ್ನೆಲ್ಲ ಅವರು ಕೇಳಿದ್ದರು, ನಡುವಿನ ಮೆಲುಮಾತುಗಳನ್ನು ಬಿಟ್ಟು.

"ಕ್ಷಮಿಸಿ ಸರ್" ಎಂದೆ.

ಹೊರಗಿನ ಪರೀಕ್ಷಕರು ಮುಂದಕ್ಕೆ ಬಾಗಿದರು. ಆ ಬೆಳಿಗ್ಗೆ ಮೊದಲ ಸಲ ಕನ್ನಡದಲ್ಲಿ ಮಾತಾಡಿದರು.

"ಮುಚ್ಚಿದ್ರೇನವಾ?"

"ಸರ್?"

"ಕಾಫಿ. ಮುಚ್ಚಿದ್ರೇನು?"

"ಮಳೆ ಬರಲಿಲ್ಲ ಸರ್. ನನ್ನ ಮಗಳು ಆಟಕ್ಕೆ ಕೂಗಿದ್ದು."

"ಎಷ್ಟು ವಯಸ್ಸು?"

"ಎರಡು ವರ್ಷ ಮೂರು ತಿಂಗಳು."

"ನಮ್ಮ ಕಡೆ ಮೆಣಸಿನಕಾಯಿ ಕಣ" ಎಂದರು. "ನಮ್ಮವ್ವ ಉಣ್ಣೋ ತಾಟು ಬಿಟ್ಟು ಎದ್ದು ಓಡತಿದ್ಲು. ಮಳಿ ಅಂದ್ರ ಏನಂತ ನನಗೂ ಗೊತ್ತೈತಿ."

ಮೇಡಂ ಕೈ ಹಣೆಯಿಂದ ಇಳಿಯಿತು. ನಾನು ಉಸಿರು ಬಿಟ್ಟೆ. ಬೇಗ ಬಿಟ್ಟೆ ಎಂದು ಆಮೇಲೆ ತಿಳಿಯಿತು, ಯಾಕೆಂದರೆ ಅವರು ಹಿಂದಕ್ಕೆ ಒರಗಿ ಮತ್ತೆ ಇಂಗ್ಲಿಷಿಗೆ ಹೋದರು.

"ಗಂಭೀರವಾಗಿ ತೆಗೆದುಕೊಳ್ಳುತ್ತಾರೆ ಎನ್ನುವುದು ಸಾಬೀತಾಯಿತು. ಆದರೆ ಈಗ ಪ್ರಶ್ನೆ ಇನ್ನೂ ಕಷ್ಟದ್ದು. ಬಾರದ ಮಳೆಗೆ ಹೀಗೆ ಓಡುವ ಜನ, 'ಸಾಧ್ಯತೆ ತೀರಾ ಕಡಿಮೆ' ಎಂದು ಹೇಳಿದ ಎರಡು ನಿಮಿಷಕ್ಕೆ ಓಡುವ ಜನ, ಬಾರದ ಮಳೆಯನ್ನು ಪುಸ್ತಕದಲ್ಲೂ ಬರೆದಿಲ್ಲ ಎಂದು ನಾನು ಹೇಗೆ ನಂಬಲಿ?"

ಮೇಡಂ ಕೈ ಹಣೆಗೆ ವಾಪಸು.

ನ್ಯಾಯವಾದ ಪ್ರಶ್ನೆ. ಮೂರನೇ ಅಧ್ಯಾಯದಲ್ಲಿ ಇದಕ್ಕೆ ಉತ್ತರ ಇರಲಿಲ್ಲ. ಕಾಲಡಿಯಲ್ಲಿ ಎರಡು ಕಾಫಿ ಬೀಜ ಅಂಟಿಕೊಂಡು ಚುಚ್ಚುತ್ತಿದ್ದವು.

"ಸರ್, ಓಡುವುದು ಕಿವಿಯಿಂದ ಕೇಳಿ. ಬರೆಯುವುದು ಮಾಪಕ ನೋಡಿ" ಎಂದೆ. "ಓಡಿದ ದಿನವೂ ಬೆಳಿಗ್ಗೆ ಎಂಟಕ್ಕೆ ಮಾಪಕದಲ್ಲಿ ನೀರಿಲ್ಲದಿದ್ದರೆ ನಿಲ್ ಎಂದೇ ಬರೆಯುತ್ತಾರೆ. ಕಳೆದ ಒಂಬತ್ತು ದಿನದಲ್ಲಿ ನಮ್ಮ ಮನೆಯವರು ದಿನಕ್ಕೆ ಎರಡು ಸಲವಾದರೂ ಓಡಿದ್ದಾರೆ. ಪುಸ್ತಕದಲ್ಲಿ ಒಂಬತ್ತೂ ದಿನ ನಿಲ್ ಇರುತ್ತದೆ."

"ಇರುತ್ತದೆಯೋ, ಇದೆಯೋ?"

"ಇದೆ... ಇರಬೇಕು ಸರ್. ನಮ್ಮ ಅತ್ತೆ ಬರೆಯುವುದು."

"ತೋರಿಸಿ."

ಎದ್ದೆ. ಈ ಸಲ ನಡೆದೇ ಹೋದೆ. ಅತ್ತೆಯ ಪುಸ್ತಕ ನಡುಮನೆಯಲ್ಲಿ, ಕ್ಯಾಲೆಂಡರಿನ ಕೆಳಗೆ ಮೊಳೆಗೆ ನೇತುಹಾಕಿರುತ್ತದೆ. ಬಿಡಿಸಿ ನೋಡುವ ಧೈರ್ಯವಾಗಲಿಲ್ಲ. ಒಂದೇ ಒಂದು ದಿನ ಅತ್ತೆ ಸೊಸೆಯ ಮೇಲಿನ ಪ್ರೀತಿಗೋ ಮೊಮ್ಮಗಳ ಮೇಲಿನ ಪ್ರೀತಿಗೋ ಅರ್ಧ ಸೆಂಟ್ ಬರೆದಿದ್ದರೆ? ನೇರ ತಂದು, ಈ ತಿಂಗಳ ಪುಟ ತೆರೆದು, ಕ್ಯಾಮೆರಾದ ಮುಂದೆ ಹಿಡಿದೆ. ನನಗೆ ಕಾಣುತ್ತಿದ್ದದ್ದು ಹಿಂದಿನ ರಟ್ಟು ಮಾತ್ರ.

ಪರೀಕ್ಷಕರು ಕನ್ನಡಕ ತೆಗೆದರು. ಪರದೆಗೆ ಮೂಗು ಹಚ್ಚುವಷ್ಟು ಹತ್ತಿರ ಬಂದರು. ಓದಿದರು.

"ನಿಲ್. ನಿಲ್. ನಿಲ್..." ಪರದೆಗೆ ಬೆರಳಿಟ್ಟರು. "ಈ ಕೊನೆಯ ಕಾಲಮ್ಮಿನಲ್ಲಿ ಏನೋ ಇದೆಯಲ್ಲ. ಷರಾದಲ್ಲಿ."

ಪುಸ್ತಕ ತಿರುಗಿಸಿ ನೋಡಿದೆ. ಷರಾ ಕಾಲಮ್ಮಿನಲ್ಲಿ ನಮ್ಮತ್ತೆ ಆಲಿಕಲ್ಲು, ಗಾಳಿ, ಕರೆಂಟು ಹೋದದ್ದು ಇಂಥವನ್ನು ಬರೆಯುತ್ತಾರೆ. ಈಗ ಅದೇ ದುಂಡು ಅಕ್ಷರದಲ್ಲಿ, ಒಂದರ ಕೆಳಗೆ ಒಂದು:

ಪುಟ್ಟಿ ಮಳೆ, ೨ ಸಲ.
ಪುಟ್ಟಿ ಮಳೆ, ೩ ಸಲ.
ಪುಟ್ಟಿ ಮಳೆ, ೨ ಸಲ. ಒಂದು ಸಲ ಮಗ ಸೋಪಿನ ಮುಖದಲ್ಲಿ.

ಗಟ್ಟಿಯಾಗಿ ಓದಿದೆ. ಬೇರೆ ಏನು ಮಾಡಲಿ?

ಆ ನಾಲ್ಕು ಚೌಕದೊಳಗಿನ ಜನ ನಗುವುದನ್ನು ನಾನು ಅದೇ ಮೊದಲು ನೋಡಿದ್ದು. ಹೊರಗಿನ ಪರೀಕ್ಷಕರು ಕಣ್ಣೊರೆಸಿಕೊಂಡು, "ಬಂದ ಮಳೆ ಒಂದು ಕಾಲಮ್ಮು, ಬಾರದ ಮಳೆ ಇನ್ನೊಂದು ಕಾಲಮ್ಮು" ಎಂದರು. "ನಮ್ಮ ವಿದ್ಯಾರ್ಥಿಗಳು ಇಷ್ಟು ಚೊಕ್ಕವಾಗಿ ಬರೆಯುವುದಿಲ್ಲ."

ನನ್ನನ್ನು ವೇಟಿಂಗ್ ರೂಮಿಗೆ ಹಾಕಿದರು. ಆನ್‌ಲೈನ್ ವೇಟಿಂಗ್ ರೂಮ್ ಎಂದರೆ ಪರದೆಯ ಮೇಲೆ ಒಂದು ಚಕ್ರ ತಿರುಗುವುದು, ಅಷ್ಟೇ. ಐದು ನಿಮಿಷ ಅದನ್ನು ನೋಡಿದೆ. ಕಿಟಕಿಯ ಸಂದಿಯಿಂದ ಮಳೆ ಎರಡು ಸಲ ಬಂತು, ಬಿಸಿಲು ಎರಡು ಸಲ ಬಂತು. ಈ ಸಲ ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದುಕೊಂಡು ಕೂತಿದ್ದೆ. ಆದರೂ ಕಾಲು ಎರಡೂ ಸಲ ನೆಲ ಒತ್ತಿತು.

ಚಕ್ರ ನಿಂತಿತು. ಮುಖಗಳು ಬಂದವು. ಪದವಿಗೆ ಶಿಫಾರಸು ಮಾಡಿದ್ದೇವೆ ಎಂದರು. ಒಂದೇ ತಿದ್ದುಪಡಿ. ಈ ಪುಸ್ತಕಗಳು ಮನೆಯೊಳಗೆ ಹೇಗೆ ಬರೆಯಲ್ಪಡುತ್ತವೆ ಎಂಬ ಬಗ್ಗೆ ಮೂರನೇ ಅಧ್ಯಾಯಕ್ಕೆ ಒಂದು ಪುಟ ಸೇರಿಸಬೇಕು. "ಷರಾ ಕಾಲಮ್ಮು ಬಿಡಬೇಡಿ" ಎಂದರು ಹೊರಗಿನ ಪರೀಕ್ಷಕರು. ಮೇಡಂ ಎರಡೂ ಕೈ ಮುಗಿದರು. ಯಾರಿಗೆ ಎಂದು ಸ್ಪಷ್ಟವಾಗಲಿಲ್ಲ.

ಲ್ಯಾಪ್‌ಟಾಪ್ ಮುಚ್ಚಿ ಹೊರಗೆ ಬಂದೆ. ಹನ್ನೊಂದೂಕಾಲು. ಬಿಸಿಲು ಕಣ್ಣಿಗೆ ಹೊಡೆಯಿತು. ಕಣದ ಮೂಲೆಯಲ್ಲಿ ಟಾರ್ಪಾಲು ಹರಡಿತ್ತು. ಸರಸುವಿನ ಸೆರಗಿನ ತುಂಬ ಬೆವರು. ಅತ್ತೆಯ ಮಂಡಿ ನೋವಿನ ಸುಳಿವೇ ಇಲ್ಲ. ನಾನು ಬಿಟ್ಟುಹೋಗಿದ್ದ ಮೂಲೆ ಹಾರದಂತೆ ಯಾರೋ ಒಂದು ದಪ್ಪ ಕಲ್ಲು ತಂದಿಟ್ಟಿದ್ದರು.

"ಅತ್ತೆ, ಆಯ್ತು" ಎಂದೆ. "ಡಾಕ್ಟರೇಟ್ ಸಿಕ್ತು."

ಅತ್ತೆ ಒಂದು ಕ್ಷಣ ನನ್ನ ಮುಖ ನೋಡಿದರು. ಕಣ್ಣು ತುಂಬಿತೋ ಬೆವರೋ, ಸೆರಗಿನಿಂದ ಒರೆಸಿಕೊಂಡರು.

"ಸಿಕ್ತಾ? ಒಳ್ಳೇದಾಯ್ತು ಕಣಮ್ಮ. ನಂಗೊತ್ತಿತ್ತು." ಆಮೇಲೆ ಪುಟ್ಟಿಯ ಕಡೆ ಕಣ್ಣು ಹೊರಳಿಸಿದರು. ಅವಳು ಆಗಲೇ ಎರಡೂ ಕೈ ಎತ್ತಿ, ಬಾಯಿ ತೆರೆಯಲು ತಯಾರಾಗಿದ್ದಳು. "ಬೇಗ ಬಾ, ಬೇಗ. ಆ ಕಲ್ಲು ತೆಗ್ದು ನೀನ್ ಹಿಡ್ಕೋ."

ತೆಗೆದೆ. ಹಿಡಿದೆ.

ಪಿಎಚ್‌ಡಿ ಮುಗಿಸಿ ವರ್ಷಗಟ್ಟಲೆ ಕೆಲಸಕ್ಕೆ ಕಾಯುತ್ತಿರುವ ಗೆಳೆಯ ಗೆಳತಿಯರೇ, ಪದವಿ ಸಿಕ್ಕ ಎರಡೇ ನಿಮಿಷದಲ್ಲಿ, ಅರ್ಜಿ ಹಾಕದೆ, ಒಂದು ಕಲ್ಲಿನಿಂದ ತೆರವಾದ ಹುದ್ದೆಗೆ ನೇಮಕವಾದವರು ನಿಮ್ಮಲ್ಲಿ ಯಾರಾದರೂ ಇದ್ದೀರಾ?